ನಂಗು ತಿನ್ನುವ ಹುಳು: ನಮ್ಮ ಕಡಲತಳದ ಹಿಂದಿನ ಕಥೆ

ಕರ್ನಾಟಕದ ಬೋಟುಗಳು ಜೂನ್ 1ಕ್ಕೇ ದಡ ಸೇರಬೇಕು. ಕೇರಳದಲ್ಲಿ ಟ್ರಾಲಿಂಗ್, ಅಂದರೆ ತಳ ಎಳೆಯುವ ಬಲೆಯ ಮೀನುಗಾರಿಕೆಯ ನಿಷೇಧ ಶುರುವಾಗುವುದು ಜೂನ್ 9ರ ನಡುರಾತ್ರಿ. ಎರಡೂ ಮುಗಿಯುವುದು ಜುಲೈ 31ಕ್ಕೆ. ತಲಪಾಡಿಯ ರಸ್ತೆಯಲ್ಲಿ ಗಡಿ ಕಾಣಿಸುತ್ತದೆ, ಮಂಜೇಶ್ವರದ ಎದುರಿನ ನೀರಿನಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಕಾಸರಗೋಡಿನ ಕಡಲಬದಿಯಲ್ಲಿ ಈ ದಿನಗಳ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಮಾತೆಲ್ಲ ಮೀನು ಮೊಟ್ಟೆ ಇಡುವ ಕಾಲದ ಸುತ್ತಲೇ ತಿರುಗುತ್ತದೆ. ಆ ಮೀನಿಗೆ ಕೂಳು ಎಲ್ಲಿಂದ ಎಂದು ಕೇಳುವವರು ಕಡಿಮೆ.

ನಂಗು ಮೀನನ್ನೇ ನೋಡಿ. ಹುರುಪೆ ಕೆರೆದು ಕಾವಲಿಗೆ ಹಾಕುವ ಈ ಚಪ್ಪಟೆ ಮೀನಿನ ಎರಡು ಕಣ್ಣುಗಳೂ ಒಂದೇ ಮಗ್ಗುಲಲ್ಲಿವೆ. ಇನ್ನೊಂದು ಮಗ್ಗುಲು ಕೆಸರಿಗೆ ಅಂಟಿಕೊಂಡಿರುತ್ತದೆ. ಅದರ ಮುಖ್ಯ ಆಹಾರ ಪಾಲಿಕೀಟ್ ಎಂಬ ಬಿರುಗೂದಲಿನ ಹುಳುಗಳು. ನಂಗು ಸಿಗಬೇಕಾದರೆ ಮೊದಲು ಕೆಸರಿನಲ್ಲಿ ಹುಳು ಇರಬೇಕು.

ಕಡಲತಳದಲ್ಲಿ ಜೀವವಿದೆ ಎಂದು ಒಪ್ಪಲು ವಿಜ್ಞಾನಕ್ಕೂ ಹೊತ್ತು ಹಿಡಿಯಿತು. 1840ರ ದಶಕದಲ್ಲಿ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ ಏಜಿಯನ್ ಸಮುದ್ರದ ತಳ ಬಾಚಿ ನೋಡಿ, ಸುಮಾರು 550 ಮೀಟರಿನ ಕೆಳಗೆ ಏನೂ ಬದುಕಲಾರದು ಎಂದು ಊಹಿಸಿದ. ಆ ಊಹೆಯನ್ನು ಪೂರ್ತಿ ಮುಳುಗಿಸಿದ್ದು 1872ರಿಂದ 1876ರವರೆಗೆ ಲೋಕ ಸುತ್ತಿದ ಚಾಲೆಂಜರ್ ಹಡಗು. ಆ ಹಡಗು ಅರಬ್ಬಿ ಸಮುದ್ರದತ್ತ ತಲೆ ಹಾಕಲಿಲ್ಲ. ನಮ್ಮ ಸುತ್ತಲಿನ ಕಡಲುಗಳ ಪಾಲಿಗೆ ಬಂದದ್ದು 1881ರಲ್ಲಿ ನೀರಿಗಿಳಿದ ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗು, ಅದರಲ್ಲಿದ್ದ ವೈದ್ಯ ಆಲ್ಫ್ರೆಡ್ ಆಲ್ಕಾಕ್. ಆತನಿಗೆ ಆಳದ ಹೊಸ ಜೀವಿಗಳ ಹುಚ್ಚು. ನಂಗು ಓಡಾಡುವ ದಡದ ಕೆಸರು ಹಾಗೇ ಉಳಿಯಿತು.

ಎಣಿಸುವ ಬುದ್ಧಿ ಬಂದದ್ದು ಡೆನ್ಮಾರ್ಕಿನಿಂದ. 20ನೆಯ ಶತಮಾನದ ಆರಂಭದಲ್ಲಿ ಯೋಹಾನ್ಸ್ ಪೀಟರ್ಸನ್, ತಳದ ನಿರ್ದಿಷ್ಟ ಅಳತೆಯ ಕೆಸರನ್ನು ಕಚ್ಚಿ ಮೇಲೆತ್ತುವ ಉಪಕರಣ ಮಾಡಿದ. ಅವನ ತಲೆಯಲ್ಲಿದ್ದುದೂ ಒಂದು ಚಪ್ಪಟೆ ಮೀನೇ, ಅದಕ್ಕೆ ತಿನ್ನಲು ಎಷ್ಟಿದೆ ಎಂಬ ಲೆಕ್ಕವೇ. ಗ್ರ್ಯಾಬ್ ಎನ್ನುವ ಇಂಥ ಉಪಕರಣಗಳಲ್ಲಿ ಇಂದು ಸಾಮಾನ್ಯವಾಗಿ ಬಳಸುವುದು ಒಂದು ಚದರ ಮೀಟರಿನ ಹತ್ತನೇ ಒಂದು ಭಾಗದಷ್ಟು ಕೆಸರು ತರುತ್ತದೆ. ಅದನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಫಾರ್ಮಾಲಿನ್‌ನಲ್ಲಿಟ್ಟು, ರೋಸ್ ಬೆಂಗಾಲ್ ಎಂಬ ಬಣ್ಣ ಬೆರೆಸುತ್ತಾರೆ. ಜೀವಿಗಳ ಮೈ ಗುಲಾಬಿಯಾಗುತ್ತದೆ, ಮರಳು ಹಾಗೇ ಇರುತ್ತದೆ. ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಚಿಮುಟದಲ್ಲಿ ಒಂದೊಂದೇ ಹುಳು ಹೆಕ್ಕುವ ಕೆಲಸ. ಬೆನ್ನು ನೋಯುವ, ಪತ್ರಿಕೆಯಲ್ಲಿ ಫೋಟೊ ಬಾರದ ವಿಜ್ಞಾನ ಇದು.

ಮಲಬಾರ್ ದಡದಲ್ಲಿ ಇಂಥ ಕೆಲಸಕ್ಕೆ ಕೂತವರು ಕೋಯಿಕ್ಕೋಡಿನ ಮೀನುಗಾರಿಕಾ ವಿಜ್ಞಾನಿ ಜಿ. ಶೇಷಪ್ಪ. 1953ರಲ್ಲಿ ಅವರು ದಡದ ತಳದ ಬಗ್ಗೆ ಬರೆದರು, 1955ರಲ್ಲಿ ಭೀಮಾಚಾರ್ ಜೊತೆ ಸೇರಿ ನಂಗಿನ ಬಗ್ಗೆ. ಅವರು ಕಂಡದ್ದು ಇದು: ಮುಂಗಾರಿನಲ್ಲಿ ತಳದ ಜೀವಿಗಳು ತೀರಾ ಇಳಿದುಹೋಗುತ್ತವೆ, ಮಳೆ ಹಿಮ್ಮೆಟ್ಟಿದಂತೆ ಹುಳುಗಳ ಹೊಸ ಸಂತಾನ ಕೆಸರಿನಲ್ಲಿ ನೆಲೆಯೂರುತ್ತದೆ. ನಂಗು ದಡಕ್ಕೆ ಮರಳುವುದೂ ಆಗಲೇ. ಅದೇ ದಶಕದ ಕೊನೆಗೆ ಸಾಗರ ವಿಜ್ಞಾನಿ ಕಾರ್ಲ್ ಬಾನ್ಸೆ ಇನ್ನೊಂದು ಎಳೆ ಸೇರಿಸಿದರು: ಮುಂಗಾರಿನಲ್ಲಿ ಆಳದ ಆಮ್ಲಜನಕ ತೀರಾ ಕಡಿಮೆಯಿರುವ ನೀರು ಮೇಲೇರಿ ದಡದ ತಳವನ್ನು ಆವರಿಸುತ್ತದೆ, ತಳದ ಮೀನು ಜಾಗ ಬಿಡುತ್ತದೆ. ಈಜಬಲ್ಲದ್ದು ಹೋಯಿತು, ಹುಳು ಎಲ್ಲಿಗೆ ಹೋದೀತು?

ಮೀನಿಗೆ ಆಹಾರವಾಗುವುದೊಂದೇ ಹುಳುವಿನ ಕೆಲಸವಲ್ಲ. ಗದ್ದೆಯಲ್ಲಿ ಎರೆಹುಳು ಮಾಡುವುದನ್ನೇ ಅದು ಇಲ್ಲಿ ಮಾಡುತ್ತದೆ. ಬಿಲ ತೋಡಿ ಕೆಸರಿನೊಳಗೆ ನೀರಾಡಿಸುತ್ತದೆ, ಮೇಲಿಂದ ಉದುರಿದ ಸತ್ತ ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು) ತಿಂದು ಅದರ ಸಾರಜನಕ, ರಂಜಕವನ್ನು ಮತ್ತೆ ನೀರಿಗೆ ಸೇರುವಂತೆ ಮಾಡುತ್ತದೆ. ಬೂತಾಯಿ, ಬಂಗುಡೆ ತಿನ್ನುವ ಪ್ಲವಕಕ್ಕೂ ಆ ಗೊಬ್ಬರದ ಪಾಲು ಸಲ್ಲುತ್ತದೆ.

ಶೇಷಪ್ಪನವರ ಲೇಖನ ಬಂದ ಹೊತ್ತಿಗೇ ಕೊಲ್ಲಂ ಬಳಿಯ ನೀಂಡಕರದಲ್ಲಿ ಮೀನುಗಾರಿಕೆಗೆ ಯಂತ್ರದ ಬೋಟು ತಂದ ಇಂಡೋ-ನಾರ್ವೇಜಿಯನ್ ಯೋಜನೆ ಕಣ್ಣು ಬಿಡುತ್ತಿತ್ತು. ಸಿಗಡಿಗೆ ವಿದೇಶದಲ್ಲಿ ಬೆಲೆ ಬಂತು, ತಳ ಎಳೆಯುವ ಬಲೆ ದಡದುದ್ದಕ್ಕೂ ಹರಡಿತು. ಬಲೆಯ ಬಾಯಿ ತೆರೆದಿಡುವ ಭಾರದ ಹಲಗೆಗಳು ಕೆಸರನ್ನು ಗೀರುತ್ತ ಸಾಗುವಾಗ ಹುಳುವಿನ ಬಿಲ, ಚಿಪ್ಪು, ಏಡಿಮರಿ ಎಲ್ಲವೂ ಬುಡಮೇಲು. ನಾಡದೋಣಿಯವರು ಬೀದಿಗಿಳಿದರು. 1980ರಲ್ಲಿ ಕೇರಳ ಕಡಲ ಮೀನುಗಾರಿಕೆಗೆ ಕಾಯ್ದೆ ತಂದಿತು. ಆಮೇಲೆ ಈ ಜಗಳವನ್ನು ಪರಿಶೀಲಿಸಲು ಬಾಬು ಪಾಲ್ ಸಮಿತಿ, ಕಲಾವರ್ ಸಮಿತಿ, ಬಾಲಕೃಷ್ಣನ್ ನಾಯರ್ ಸಮಿತಿ, ಒಂದರ ಹಿಂದೆ ಒಂದು. ಮುಂಗಾರಿನ ನಿಷೇಧ ಆರಂಭವಾದದ್ದು 1988ರಲ್ಲಿ. 47 ದಿನ ಇದ್ದದ್ದು 2018ರಲ್ಲಿ 52 ದಿನವಾಯಿತು.

ದಿನ ಹೆಚ್ಚಿದ್ದು ಜೂನ್ ತಿಂಗಳ ಕಡೆಗೆ. ನನಗೆ ತಕರಾರಿರುವುದು ಇನ್ನೊಂದು ತುದಿಯ ಬಗ್ಗೆ. ನಮ್ಮ ತಳದ ನೀರಿನಲ್ಲಿ ಆಮ್ಲಜನಕದ ಬರ ತೀವ್ರವಾಗುವುದು ಮುಂಗಾರಿನ ಕೊನೆಯ ಭಾಗದಲ್ಲಿ, ಹೊಸ ಹುಳು ನೆಲೆಯೂರುವುದು ಅದರ ಬೆನ್ನಿಗೆ. ಬೋಟುಗಳು ಹೊರಡುವುದು ಆಗಸ್ಟ್ 1ರಂದು. ನಾಯರ್ ಸಮಿತಿ ಆಗಸ್ಟನ್ನೂ ನಿಷೇಧಕ್ಕೆ ಸೇರಿಸಿ ಎಂದಿತ್ತು. ಸಾಲ ತೀರಿಸಬೇಕಾದ ಬೋಟಿನವರಿಗೆ ಆ ತಿಂಗಳು ಎಷ್ಟು ದುಬಾರಿ ಎಂಬುದನ್ನು ಅಲ್ಲಗಳೆಯಲಾಗದು. ಆ ಶಿಫಾರಸು ಕಡತದಲ್ಲೇ ಉಳಿಯಿತು. ಒಂದು ವೇಳೆ ಅದನ್ನು ಮತ್ತೆ ತೆರೆದರೆ, ತಲಪಾಡಿಯ ಎರಡೂ ಬದಿಯವರು ಒಟ್ಟಿಗೇ ಕುಳಿತು ತೆರೆಯಬೇಕಾಗುತ್ತದೆ.