ಬೇಲ್ ಸಿಕ್ಕರೂ ಮನೆ ಯಾಕೆ ದೂರ?

ಪಾವಗಡ ತುಮಕೂರು ಜಿಲ್ಲೆಯ ತಾಲೂಕು. ಆದರೆ ಸುತ್ತ ಬಹುಪಾಲು ಆಂಧ್ರ. ಅಕ್ಕನನ್ನು ಮಡಕಶಿರಾಕ್ಕೆ ಕೊಟ್ಟಿರುತ್ತಾರೆ, ಸೋದರಮಾವ ಹಿಂದೂಪುರದಲ್ಲಿರುತ್ತಾನೆ. ಇಲ್ಲಿನ ಕೂಲಿಯವನೊಬ್ಬ ಯಾವುದೋ ಕೇಸಿನಲ್ಲಿ ತುಮಕೂರು ಜೈಲು ಸೇರಿದ ಅಂದುಕೊಳ್ಳಿ. ಬೇಲ್ ಆಗುತ್ತದೆ, ಕೋರ್ಟು ಶ್ಯೂರಿಟಿ, ಅಂದರೆ ಇವನ ಪರವಾಗಿ ಹೊಣೆ ಹೊರುವವರನ್ನು, ಕೇಳುತ್ತದೆ. ಶ್ಯೂರಿಟಿ ನಿಲ್ಲುವವರ ಹೆಸರಲ್ಲಿ ಪಹಣಿ ಬೇಕು. ಅವರು ಸ್ಥಳೀಯರೇ ಆಗಿರಬೇಕು ಅಂದುಬಿಟ್ಟರೆ ಭಾವನ ಹೊಲ ಲೆಕ್ಕಕ್ಕೆ ಬರುವುದಿಲ್ಲ. ಆರ್ಡರ್ ಕೈಯಲ್ಲಿದ್ದರೂ ಆತ ಒಳಗೇ.

ಇದು ಹಳೆಯ ತೊಡಕು. ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮ್‌ಗೆ ಸುಪ್ರೀಂ ಕೋರ್ಟೇ ಬೇಲ್ ಕೊಟ್ಟಿತ್ತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಶ್ಯೂರಿಟಿ ಕೇಳಿದರು. ಅವನ ಸಹೋದರ ಮುಂದೆ ಬಂದರೆ, ಆ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಚೆನ್ನಾಗಿಯೇ ಝಾಡಿಸಿದರು. ದೂರದ ಊರಲ್ಲಿ ಸಿಕ್ಕಿಬಿದ್ದ ಕನ್ನಡಿಗನೋ ತೆಲುಗಿನವನೋ ಏನು ಮಾಡಬೇಕು ಎಂದು ಕೇಳಿದರು. ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣ ಬಂತು. ಆಗಬಹುದಾದ ಶಿಕ್ಷೆಗಿಂತ ಜಾಸ್ತಿ ಕಾಲ ಬಿಹಾರದ ಜೈಲುಗಳಲ್ಲಿ ಕೊಳೆತವರ ಕಥೆ ಅದು.

ಕಾನೂನು ಬದಲಾಗುತ್ತಲೇ ಬಂತು. ಆದರೆ ಜೈಲಿನಿಂದ ಮನೆಗೆ ಸೇರಿಸುವ ಕೆಲಸ ಯಾರದ್ದು? ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ನಿಗಾದಲ್ಲಿ ಬಿಡುವ 1958ರ ಪ್ರೊಬೇಷನ್ ಕಾಯ್ದೆ ಇದಕ್ಕೆ ಒಬ್ಬ ಅಧಿಕಾರಿಯನ್ನೇ ಕೊಟ್ಟಿತ್ತು. ಅವರು ಮನೆ ಪರಿಸ್ಥಿತಿ ವಿಚಾರಿಸಿ ವರದಿ ಕೊಡಬೇಕು, ಆಮೇಲೂ ಕಣ್ಣಿಟ್ಟಿರಬೇಕು. ಆದರೆ ಅದು ತಪ್ಪು ಸಾಬೀತಾದವರಿಗೆ. ವಿಚಾರಣೆಯೇ ಮುಗಿಯದವನಿಗೆ ಅಂಥವರು ಯಾರೂ ಇರಲಿಲ್ಲ. ವಿಚಿತ್ರ ಅಲ್ವಾ?

ಜೈಲಿನ ಬದಲು ಗೃಹಬಂಧನದ ಮಾತೂ ಬರುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1983ರಲ್ಲಿ ಜಾಕ್ ಲವ್ ಎಂಬ ಜಡ್ಜ್ ಕಾಲಿಗೆ ಕಟ್ಟುವ ಎಲೆಕ್ಟ್ರಾನಿಕ್ ಪಟ್ಟಿಯನ್ನು ಬಳಕೆಗೆ ತಂದರು. ಸ್ಪೈಡರ್‌ಮ್ಯಾನ್ ಕಾಮಿಕ್ಸ್ ನೋಡಿ ಹೊಳೆದ ಉಪಾಯವಂತೆ! ನಮ್ಮಲ್ಲಿ ಮಾನವ ಹಕ್ಕು ಹೋರಾಟಗಾರ ಗೌತಮ್ ನವಲಖಾ ಪ್ರಕರಣದಲ್ಲಿ, 2021ರಲ್ಲಿ, ಕೋರ್ಟುಗಳು ಗೃಹಬಂಧನ ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅವರಿಗೆ ಅದು ಸಿಕ್ಕಿದ್ದು 2022ರ ನವೆಂಬರ್‌ನಲ್ಲಿ. ಪೊಲೀಸ್ ಕಾವಲಿನ ಖರ್ಚು ಎಂದು ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ಆಮೇಲೆ 1.64 ಕೋಟಿ ರೂಪಾಯಿ ಕೇಳಿತು. ಪಾವಗಡದ ಕೂಲಿಯವನಿಗೆ ಇದರಿಂದ ಏನೂ ಪ್ರಯೋಜನವಿಲ್ಲ ಬಿಡಿ.

ಅವನಿಗೆ ನಿಜವಾಗಿ ಉಪಯೋಗವಾಗುವುದು 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಗಳು. ಬೇಲ್ ಆರ್ಡರನ್ನು ಅದೇ ದಿನ ಅಥವಾ ಮಾರನೇ ದಿನ ಜೈಲಿಗೆ ಇ-ಮೇಲ್ ಮಾಡಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ವಕೀಲರನ್ನೋ ಅರೆ ಕಾನೂನು ಸ್ವಯಂಸೇವಕರನ್ನೋ (ವಕೀಲರಲ್ಲದ, ತರಬೇತಿ ಪಡೆದ ಸಹಾಯಕರು) ಕಳಿಸಬಹುದು. ಬಡತನವೇ ಅಡ್ಡಿಯಾಗಿದ್ದರೆ ಮನೆ ಸ್ಥಿತಿಯ ವರದಿ ಮಾಡಿಸಿ, ಷರತ್ತು ಸಡಿಲಿಸಿ ಎಂದು ಕೋರ್ಟನ್ನು ಕೇಳಬಹುದು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟೇ ಮರುಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಷರತ್ತಿನಿಂದಲೂ ಬಿಡುಗಡೆ ತಡವಾಗುತ್ತದೆ, ಅದನ್ನು ಹಾಕಬೇಡಿ ಎಂದೂ ಹೇಳಿತು. ಮೋತಿರಾಮ್ ತೀರ್ಪಾಗಿ 44 ವರ್ಷದ ಮೇಲೆ!

ಹೇಳೋಕೆ ಸುಲಭ. ಸ್ವಯಂಸೇವಕರ ಕೆಲಸ ಶುರುವಾಗುವುದೇ ಫೋನ್ ನಂಬರ್ ಹುಡುಕುವುದರಿಂದ. ಮನೆಯವರಿಗೆ ಬೇಲ್ ಆಗಿದ್ದೇ ಗೊತ್ತಿರದೆ ಇರಬಹುದು. ಪಾವಗಡ, ಬಾಗೇಪಲ್ಲಿ ಕಡೆ ತೆಲುಗಿನಲ್ಲಿ ಮಾತಾಡಬೇಕು, ಕೆಜಿಎಫ್‌ನಲ್ಲಿ ತಮಿಳು ಬಂದರೆ ಒಳ್ಳೆಯದು. ಹಣವೇ ಇಲ್ಲದವರಿಗೆ ಕೇಂದ್ರದ 2023ರ ಬಡ ಕೈದಿಗಳ ನೆರವಿನ ಯೋಜನೆಯಿದೆ. ಅದು ಶುರುವಾದಾಗ ಬೇಲ್‌ಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡಕ್ಕೆ 25,000ದವರೆಗೆ ಎಂದಿತ್ತು. ಎನ್‌ಡಿಪಿಎಸ್ (ಮಾದಕ ವಸ್ತು), ಯುಎಪಿಎ (ಭಯೋತ್ಪಾದನೆ ತಡೆ) ಕೇಸಿನವರಿಗೆ ಇದು ಸಿಗುವುದಿಲ್ಲ. ವಕೀಲರ ಫೀಸಿನ ಚಿಂತೆ ಬೇಡ. ಬಂಧನದಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿದೆ. ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ಸಾಕು.

ಆದರೆ ಈ ಸೂಚನೆಗಳೆಲ್ಲ ಜೈಲಿನ ಗೇಟಿನವರೆಗೆ ಮಾತ್ರ. ಹೊರಗೆ ಬಂದವನು ಕೋರ್ಟಿನ ಪ್ರತಿ ವಾಯಿದೆಗೂ (ವಿಚಾರಣೆಯ ದಿನ) ಹಾಜರಾಗಬೇಕು, ಠಾಣೆಯಲ್ಲಿ ಸಹಿ ಹಾಕು ಎಂದಿದ್ದರೆ ಅದನ್ನೂ ತಪ್ಪಿಸಬಾರದು. ಕೂಲಿ ಬಿಟ್ಟು, ಬಸ್ ಚಾರ್ಜ್ ಹೊಂದಿಸಿ ಹೋಗಬೇಕು. ಒಂದು ವಾಯಿದೆ ತಪ್ಪಿದರೆ ವಾರಂಟ್ ಬರಬಹುದು, ಎರಡನೇ ಸಲ ಶ್ಯೂರಿಟಿ ನಿಲ್ಲಲು ಯಾರೂ ಸುಮ್ನೆ ಒಪ್ಪುವುದಿಲ್ಲ. ಬಿಡಿಸಿಕೊಂಡು ಬಂದ ಸ್ವಯಂಸೇವಕರಿಗೇ ಮೊದಲ ಮೂರ್ನಾಲ್ಕು ವಾಯಿದೆವರೆಗೆ ಜವಾಬ್ದಾರಿ ವಹಿಸಿ, ಓಡಾಟದ ಖರ್ಚನ್ನೂ ಕೊಡಬೇಕು.