ಕೋವಿಡ್ ಕಾಲದ ಗ್ರಂಥಾಲಯ: ವಾಪಸ್ ಬಂದ ಪುಸ್ತಕಕ್ಕೆ ಎಷ್ಟು ರ್ಯಾಕ್?

ಪರೀಕ್ಷೆಯಲ್ಲಿ ಕೋವಿಡ್ ಕಾಲದ ಗ್ರಂಥಾಲಯ ಸೇವೆಯ ಬಗ್ಗೆ ಪ್ರಶ್ನೆ ಬಂದರೆ, ಬಾಗಿಲು ಮುಚ್ಚಿದ ಗ್ರಂಥಾಲಯಗಳು ಏನೇನು ಮಾಡಿದವು ಅನ್ನುವ ಪಟ್ಟಿ ಸುಲಭ. ಆನ್‌ಲೈನ್ ಸದಸ್ಯತ್ವ, ಇ-ಪುಸ್ತಕ, ಬಾಗಿಲಲ್ಲೇ ಪುಸ್ತಕ ಕೊಡುವುದು, ಹೊರಗೆ ನಿಂತವರಿಗೂ ಸಿಗುವಂತೆ ವೈ-ಫೈ ಆನ್ ಇಡುವುದು. ಟೊರೊಂಟೊದಲ್ಲಿ ಕೆಲವು ಶಾಖೆಗಳು ಆಹಾರ ಹಂಚುವ ಕೇಂದ್ರಗಳಾದವು. ಸ್ಯಾನ್ ಫ್ರಾನ್ಸಿಸ್ಕೊದ ಗ್ರಂಥಪಾಲಕರು ಸೋಂಕಿತರ ಸಂಪರ್ಕ ಪತ್ತೆಗೆ ಕೂತರು. ನಮ್ಮ ರಾಜ್ಯದಲ್ಲಿ 2020ರ ನವೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಇಷ್ಟು ಬಾಯಿಪಾಠ ಆದರೆ ಸಾಕು. ತಲೆ ಕೆಡಿಸುವುದು ವಾಪಸ್ ಬಂದ ಪುಸ್ತಕವನ್ನು ವೈರಸ್ ಹೋಗುವವರೆಗೆ ಯಾರಿಗೂ ಕೊಡದೆ ಬೇರೆ ಇಡುವ, ಅಂದರೆ ಕ್ವಾರಂಟೈನ್ ಮಾಡುವ ಲೆಕ್ಕ.

3 ದಿನವೋ, 6 ದಿನವೋ?

ಎರಡು ಸಂಖ್ಯೆಯೂ ಒಂದೇ ಕಡೆಯಿಂದ ಬಂದವು, ಗೊಂದಲವೂ ಅಲ್ಲೇ. ಅಮೆರಿಕದಲ್ಲಿ ಓಸಿಎಲ್‌ಸಿ (ಗ್ರಂಥಾಲಯಗಳ ಸಹಕಾರ ಸಂಸ್ಥೆ), ಐಎಂಎಲ್‌ಎಸ್ (ಗ್ರಂಥಾಲಯ, ಮ್ಯೂಸಿಯಂಗಳಿಗೆ ನೆರವು ಕೊಡುವ ಸರ್ಕಾರಿ ಸಂಸ್ಥೆ) ಮತ್ತು ಬ್ಯಾಟೆಲ್ (ಸಂಶೋಧನಾ ಸಂಸ್ಥೆ) ಸೇರಿ ನಡೆಸಿದ ರೆಲ್ಮ್ ಎಂಬ ಸಂಶೋಧನಾ ಯೋಜನೆ 2020ರಲ್ಲಿ ಪುಸ್ತಕದ ರಟ್ಟು, ಪ್ಲಾಸ್ಟಿಕ್ ಹೊದಿಕೆ, ಡಿವಿಡಿ ಡಬ್ಬಿಗಳ ಮೇಲೆ ವೈರಸ್ ಎಷ್ಟು ದಿನ ಉಳಿಯುತ್ತದೆಂದು ಪರೀಕ್ಷಿಸಿತು. ಬಿಡಿಬಿಡಿಯಾಗಿ ಇಟ್ಟವುಗಳಲ್ಲಿ 3 ದಿನಕ್ಕೆ ಸಿಗಲಿಲ್ಲ. ಅವೇ ವಸ್ತುಗಳನ್ನು ಒಂದರ ಮೇಲೊಂದು ಪೇರಿಸಿದಾಗ 6 ದಿನವಾದರೂ ಸಿಕ್ಕಿತು. ಅಂದರೆ 6 ಅನ್ನುವುದು ‘ಇಷ್ಟಕ್ಕೆ ಹೋಯಿತು’ ಅಲ್ಲ, ‘ಇಷ್ಟಾದರೂ ಹೋಗಲಿಲ್ಲ’. ಪೇರಿಸಿದ್ದಕ್ಕೆ 6 ದಿನ ಸಾಕು ಎಂದು ಬರೆದರೆ ತಪ್ಪು. ಪುಸ್ತಕಗಳನ್ನು ನಿಲ್ಲಿಸಿ, ನಡುವೆ ಬೆರಳು ಅಗಲ ಜಾಗ ಬಿಡಿ.

ರ್ಯಾಕ್ ಲೆಕ್ಕ

3 ದಿನಕ್ಕೆ 3 ರ್ಯಾಕ್ ಅನ್ನಿಸುತ್ತದೆ. ಅಲ್ಲ, 4. ಸೋಮವಾರದ ರ್ಯಾಕ್‌ಗೆ ಕೊನೆಯ ಪುಸ್ತಕ ಬೀಳುವುದು ಸಂಜೆ 6ಕ್ಕೆ ಅಂತಿಟ್ಟುಕೊಳ್ಳಿ. ಅದಕ್ಕೆ 72 ಗಂಟೆ ತುಂಬುವುದು ಗುರುವಾರ ಸಂಜೆ 6ಕ್ಕೆ. ಆದರೆ ಗುರುವಾರ ಬೆಳಗ್ಗಿನಿಂದಲೇ ಹೊಸ ವಾಪಸಾತಿ ಬರುತ್ತಿರುತ್ತದೆ, ಅದಕ್ಕೊಂದು ಖಾಲಿ ರ್ಯಾಕ್ ಬೇಕಲ್ಲ! ಸೋಮ, ಮಂಗಳ, ಬುಧ, ಗುರು: ನಾಲ್ಕು. ಶುಕ್ರವಾರ ಬೆಳಗ್ಗೆ ಸೋಮವಾರದ್ದು ಖಾಲಿ ಮಾಡಿ ಅದಕ್ಕೇ ಶುಕ್ರವಾರದ ಚೀಟಿ ಅಂಟಿಸಿ. ಸೂತ್ರ: ದಿನ + 1. ದಿನಕ್ಕೆ 40 ಪುಸ್ತಕ ಬಂದರೆ ದಿನದ ಕೊನೆಗೆ 160 ಪುಸ್ತಕ ಓದುಗರ ಕೈಗೆ ಸಿಗದೆ ನಿಂತಿರುತ್ತವೆ. 6 ದಿನದ ನಿಯಮ ಹಾಕಿಕೊಂಡರೆ 7 ರ್ಯಾಕ್, 280 ಪುಸ್ತಕ. ಪೇರಿಸಿದ್ದಕ್ಕೆ ಅದೂ ಸಾಲದು; ಜಾಗ ಉಳಿಸಲು ಪೇರಿಸಹೋದವರಿಗೆ ಇದೇ ಪಾಠ.

ದಂಡದ ಎಡವಟ್ಟು: ಕ್ವಾರಂಟೈನ್ ಮುಗಿದ ಮೇಲೆ ಚೆಕ್-ಇನ್ ಮಾಡಿದರೆ (ವಾಪಸ್ ಬಂತೆಂದು ಕಂಪ್ಯೂಟರ್‌ನಲ್ಲಿ ದಾಖಲಿಸಿದರೆ) ಓದುಗರ ಲೆಕ್ಕಕ್ಕೆ 3–4 ದಿನದ ದಂಡ ಬೀಳಬಹುದು. ಓದುಗರು ವಾಪಸಾತಿ ಪೆಟ್ಟಿಗೆಗೆ ಹಾಕಿದ ತಾರೀಖನ್ನೇ ವಾಪಸಾತಿ ದಿನಾಂಕ ಮಾಡಿ. ಗ್ರಂಥಾಲಯಗಳ ಸಾಫ್ಟ್‌ವೇರ್ ಕೋಹಾದಲ್ಲಿ ಹಿಂದಿನ ತಾರೀಖು ಹಾಕುವ ಅವಕಾಶವಿದೆ. ಆದ್ದರಿಂದಲೇ ರ್ಯಾಕ್ ಮೇಲಿನ ಚೀಟಿಯಲ್ಲಿ ಬಂದ ದಿನ, ತೆರೆಯುವ ದಿನ ಎರಡನ್ನೂ ಬರೆಯಬೇಕು.

ಸ್ಯಾನಿಟೈಸರ್ ಸಿಂಪಡಿಸಬೇಡಿ, ಶಾಯಿ ಹರಡಿ ಹಾಳೆ ಸುಕ್ಕಾಗುತ್ತದೆ. ಯುವಿ ದೀಪ ಹಾಳೆಗಳ ಸಂದಿಗೆ ತಲುಪದು, ರಟ್ಟಿನ ಬಣ್ಣ ಮಾತ್ರ ಮಾಸುತ್ತದೆ.

ಇನ್ನೊಂದು: 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕು ತಗುಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಸೋಂಕು ಹತ್ತುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ 1ಕ್ಕಿಂತ ಕಡಿಮೆ ಎಂದಿತು. ಹಾಗಾಗಿ ಪ್ರಶ್ನೆಯಲ್ಲಿ ಇಸವಿ ನೋಡಿಕೊಳ್ಳಿ. 2020 ಅಂದರೆ ರ್ಯಾಕ್ ಲೆಕ್ಕ. ಆ ಏಪ್ರಿಲ್ ನಂತರದ್ದಾದರೆ ಗಾಳಿಯಿಂದ ಹರಡುವುದನ್ನು ತಡೆಯುವ ಕ್ರಮಗಳಿಂದ, ಅಂದರೆ ಕಿಟಕಿ, ಮಾಸ್ಕ್, ಓದುವ ಕೋಣೆಯಲ್ಲಿ ಕುರ್ಚಿ ಎಷ್ಟು ಅನ್ನುವುದರಿಂದ ಉತ್ತರ ಶುರು ಮಾಡಿ.