ಗಿಡುಗ ಹಿಂಡಿನ ನಡುವೆ ಏಕೆ ನುಗ್ಗುವುದಿಲ್ಲ?

ರಾಗಿ ಕೊಯ್ಲು ಮುಗಿದ ಮೇಲೆ ಕೋಲಾರದ ಹೊಲಗಳಲ್ಲಿ ಹಕ್ಕಿಗಳದ್ದೇ ರಾಜ್ಯ. ಉದುರಿದ ಕಾಳಿಗೆ ಪಾರಿವಾಳ, ಗುಬ್ಬಚ್ಚಿ, ರಾಟವಾಳಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಇಷ್ಟೊಂದು ಬೇಟೆ ಒಂದೇ ಕಡೆ ಸಿಕ್ಕರೆ ಗಿಡುಗಕ್ಕೆ ಸುಗ್ಗಿ ಅಲ್ವಾ? ಹಾಗಾಗುವುದಿಲ್ಲ. ಹಿಂಡು ದೊಡ್ಡದಾದಷ್ಟೂ ಅದರ ಕೆಲಸ ಕಷ್ಟ.

ಇಂಗ್ಲೆಂಡಿನಲ್ಲಿ ಕೆನ್ವರ್ಡ್ ಎಂಬ ವಿಜ್ಞಾನಿ ಪಳಗಿಸಿದ ಗಾಸ್‌ಹಾಕ್ ಗಿಡುಗವನ್ನು ಕಾಡು ಪಾರಿವಾಳಗಳ ಮೇಲೆ ಬಿಟ್ಟು ನೋಡಿದರು. 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂಟಿ ಪಾರಿವಾಳವಾದರೆ 10ರಲ್ಲಿ ಸುಮಾರು 8 ಸಲ ಗಿಡುಗವೇ ಗೆದ್ದಿತ್ತು. 50ಕ್ಕಿಂತ ದೊಡ್ಡ ಹಿಂಡಾದರೆ 10ರಲ್ಲಿ ಒಂದು ಸಲ ಗೆಲ್ಲುವುದೂ ಕಷ್ಟವಾಗಿತ್ತು. ಮುಖ್ಯ ಕಾರಣ ಕಣ್ಣುಗಳು. ಎಲ್ಲವೂ ತಲೆ ತಗ್ಗಿಸಿ ಕಾಳು ಹೆಕ್ಕುವಾಗಲೂ ಯಾವುದಾದರೂ ಒಂದು ತಲೆ ಎತ್ತಿರುತ್ತದೆ. ಗಿಡುಗ ಇನ್ನೂ ದೂರವಿರುವಾಗಲೇ ಹಿಂಡು ಹಾರಿರುತ್ತದೆ.

ಹಾರಿದ ಮೇಲೆ ಇನ್ನೊಂದು ತೊಡಕು. ಗಿಡುಗ ಒಂದೇ ಹಕ್ಕಿಯ ಮೇಲೆ ಕಣ್ಣು ನೆಡಬೇಕು. ಸುತ್ತ ನೂರು ಹಕ್ಕಿ ಒಟ್ಟಿಗೆ ತಿರುಗಿದರೆ ಗುರಿ ಕೈತಪ್ಪುತ್ತದೆ. ಸುಮ್ನೆ ನಡುವೆ ನುಗ್ಗಿಬಿಡಬಹುದಲ್ಲ ಅನ್ನಿಸಬಹುದು. ಆದರೆ ಗಂಟೆಗೆ 300 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಎರಗುವ ಪೆರೆಗ್ರಿನ್ ಡೇಗೆ ಎಂಬ ಬೇಟೆಹಕ್ಕಿ ತಪ್ಪಾಗಿ ಯಾವುದಕ್ಕಾದರೂ ಬಡಿದರೆ ಅದರ ರೆಕ್ಕೆಗೇ ಅಪಾಯ. ರೆಕ್ಕೆ ಹೋದ ಬೇಟೆಗಾರ ಉಪವಾಸ ಸಾಯುತ್ತದೆ. ಅದಕ್ಕೇ ಅದು ಅಂಚಿನಲ್ಲಿ ಹಿಂದುಳಿದ ಹಕ್ಕಿಗಾಗಿ ಕಾಯುತ್ತದೆ. ಪುಟ್ಟ ಹಕ್ಕಿಗೆ ಮರುಗುವ ನಾವು, ಬೇಟೆ ಸಿಗದೆ ಮರಳುವ ಗಿಡುಗದ ಹಸಿವನ್ನೂ ನೆನೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇಷ್ಟು ಚೆಂದವಾಗಿ ತಿರುಗುವ ಹಿಂಡಿಗೆ ನಾಯಕನಿಲ್ಲ. ರೋಮ್ ನಗರದ ಸ್ಟಾರ್ಲಿಂಗ್ ಹಕ್ಕಿಗಳನ್ನು ಹಲವು ಕ್ಯಾಮೆರಾಗಳಲ್ಲಿ ಸೆರೆಹಿಡಿದ ವಿಜ್ಞಾನಿಗಳು 2008ರಲ್ಲಿ ಇದರ ಗುಟ್ಟು ಹೇಳಿದರು. ಪ್ರತಿ ಹಕ್ಕಿಯೂ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ ಗಮನಿಸಿ ತಿರುಗುತ್ತದೆ. ಅಷ್ಟರಿಂದಲೇ ಹಿಂಡು ಒಡೆಯದೆ ಉಳಿಯುತ್ತದೆ. ಇದೇ ಬಳಗದ ಗುಲಾಬಿ ಮೈನಾಗಳು ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ನಮ್ಮಲ್ಲಿಗೂ ಬರುತ್ತವೆ.

ಎಲ್ಲ ಹಕ್ಕಿಗಳೂ ಓಡಿಹೋಗುವುದಿಲ್ಲ. ಹುಳು ಹಿಡಿಯಲಿ ಎಂದು ರೈತರು ಹೊಲದಲ್ಲಿ ಕೋಲು ನೆಟ್ಟು ಕೂರಿಸುವ ಕಾಜಾಣವನ್ನು ನೋಡಿ. ತೂಕ ಸುಮಾರು 50 ಗ್ರಾಂ. ಗೂಡಿನ ಹತ್ತಿರ ಶಿಕ್ರಾ ಗಿಡುಗ ಬಂದರೂ ಹದ್ದು ಬಂದರೂ ಮೇಲಿನಿಂದ ಬಿದ್ದು ಬೆನ್ನು ಕುಕ್ಕಿ ಓಡಿಸುತ್ತದೆ. ಶಿಕ್ರಾದ ಬಲವೆಲ್ಲ ಕದ್ದು ಬರುವುದರಲ್ಲಿದೆ. ಕಾಜಾಣ ಕಿರುಚಿ ಊರಿಗೆಲ್ಲ ಸುದ್ದಿ ಮುಟ್ಟಿಸಿದ ಮೇಲೆ ಅಲ್ಲಿ ಬೇಟೆ ನಡೆಯದು. ಕಾಜಾಣದ ಗೂಡಿರುವ ಮರದಲ್ಲೇ ಬೇರೆ ಸಣ್ಣ ಹಕ್ಕಿಗಳು ಗೂಡು ಕಟ್ಟುವುದು ಇದೇ ಕಾವಲಿಗಾಗಿ.